ಎಂಟನೆಯ ಚುಕ್ಕಿ

ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಾಕುವ ಗಂಡಸನ್ನು ನಾನು ಈ ಜನ್ಮದಲ್ಲಿ ಕಂಡದ್ದು ಒಬ್ಬರನ್ನೇ. ಧೋತರದ ಚುಂಗನ್ನು ಸೊಂಟಕ್ಕೆ ಸಿಗಿಸಿ, ಕರೀ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲಿಟ್ಟು, ಎಡಗೈಯಲ್ಲಿ ರಂಗೋಲಿಯ ಕರಟ ಹಿಡಿದು ಅವರು ಕೂತರೆಂದರೆ ಗೋಕಾಕದ ನಮ್ಮ ಓಣಿಯ ಹೆಂಗಸರು ಹೊತ್ತ ಕೊಡ ಇಳಿಸುವುದನ್ನೂ ಮರೆತು ನಿಂತು ನೋಡುತ್ತಿದ್ದರು. ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡವರಲ್ಲಿ ನಾನೇ ಮೊದಲನೆಯವಳು. ಅದೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಅವರ ಬಾಗಿಲಿಗೆ ಹೋದವಳೂ ನಾನೇ.

ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸುತ್ತಿದ್ದರು. ಹುಕ್ಕೇರಿ ಕಡೆಯ ಕಣಗಲಾದವರು. ಅಣ್ಣತಮ್ಮಂದಿರೆಲ್ಲ ಕಾಳುಕಡಿ ವ್ಯಾಪಾರ ಮಾಡಿಕೊಂಡಿದ್ದರೆ ಇವರೊಬ್ಬರು ತಕ್ಕಡಿ ಬಿಟ್ಟು ಕೊಲ್ಲಾಪುರಕ್ಕೆ ಓದಲು ಹೋದವರು. ತುಕ್ಕಾನಟ್ಟಿಯಿಂದ ಮದುವೆ ಮಾಡಿಕೊಂಡು ಬಂದ ಸಣ್ಣ ವಯಸ್ಸಿನ ಹೆಂಡತಿ, ಕೈ ನಡುಗುವ ಮುದಿ ತಾಯಿ, ಇಷ್ಟೇ ಸಂಸಾರ. ಮೂರು ದಾರಿ ಕೂಡುವ ಮೂಲೆಯಲ್ಲಿ ಅವರ ಮನೆ, ಎದುರಿಗೆ ನಮ್ಮದು. ನನ್ನ ಯಜಮಾನರು ಹತ್ತಿ ಗಿರಣಿಯಲ್ಲಿ ಕಾರಕೂನರು. ನಾನು ನಾಗನೂರಿನ ಸಾಲಿಯಲ್ಲಿ ನಾಲ್ಕು ಅಕ್ಷರ ಕಲಿತವಳು, ಓಣಿಯಲ್ಲಿ ಪೇಪರು ಓದುವ ಹೆಂಗಸು ನಾನೊಬ್ಬಳೇ ಎಂಬ ಜಂಬವೂ ಇತ್ತು.

ಅವರಿಗೊಂದು ವಿಚಿತ್ರ ಚಾಳಿ. ಎಲ್ಲಿ ಕೂಡ್ರುವುದಿದ್ದರೂ ಮೊದಲು ಆ ಜಾಗವನ್ನು ಬೆರಳಿನಿಂದ ಎರಡು ಸಲ ತಟ್ಟಿ ನೋಡುತ್ತಿದ್ದರು. ಕಟ್ಟೆಯಿರಲಿ, ಚಾಪೆಯಿರಲಿ, ಮಣೆಯಿರಲಿ. ಒಮ್ಮೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಕಟ್ಟಿ ಕಲ್ಲಿಂದs ಐತ್ರಿ ಮಾಸ್ತರ, ಮುರಿಯಂಗಿಲ್ಲ. ಯಾಕ ತಟ್ಟತೀರಿ?"

"ಐತೋ ಇಲ್ಲೋ ನೋಡತೇನ್ರಿ ಅಕ್ಕಾರ," ಎಂದರು. ತಮಾಷೆಯ ಮುಖವಲ್ಲ. "ನಾವು ಕುಂತೇವಿ ಅಂತೇವಿ. ಖರೆ ಅಂದ್ರ ಯಾರೂ ಕುಂತಿಲ್ರಿ. ಕಟ್ಟ್ಯಾಗಿನ ಚುಕ್ಕಿ ನಮ್ಮ ಮೈಯಾಗಿನ ಚುಕ್ಕೀನ ಹೊರಗ ದೂಡತಾವು. ಕೂದಲೆಳಿಗಿಂತ ಸಣ್ಣ ಖಾಲಿ ಒಂದು ನಡುವ ಇದ್ದs ಇರತೈತಿ. ಯಾರೂ ಯಾರನ್ನೂ ಮುಟ್ಟಂಗಿಲ್ರಿ."

"ಹಂಗಾರ ಮುಟ್ಟು ಮೈಲಿಗಿ ಅನ್ನೂದೆಲ್ಲಾ ಸುಳ್ಳಾತಲ್ರಿ?"

"ಸುಳ್ಳs ರಿ," ಎಂದು ಕೂತರು.

ನಾನು ಒಳಗೆ ಬಂದು ನಕ್ಕೆ. ಆದರೆ ಆ ದಿನ ರೊಟ್ಟಿ ಬಡಿಯುವಾಗ ಹಿಟ್ಟು ಅಂಗೈಗೆ ಹತ್ತಿದೆಯೋ ಇಲ್ಲವೋ ಎಂದು ನಾಲ್ಕು ಸಲ ನೋಡಿಕೊಂಡೆ. ಅವರ ಮಾತಿನ ಗುಣವೇ ಹಾಗೆ, ಕೇಳುವಾಗ ನಗು ಬರುವುದು, ಆಮೇಲೆ ಮನೆಯ ಗೋಡೆಯ ಮೇಲೆ ಕೈಯಿಡಲು ಹೆದರಿಕೆಯಾಗುವುದು. ಇನ್ನೊಮ್ಮೆ ಸಾಸಿವೆ ಕಾಳೊಂದನ್ನು ನನ್ನ ಮುಂದೆ ಹಿಡಿದು, ಪರಮಾಣುವಿನ ನಡುವಿನ ಗಟ್ಟಿ ಇಷ್ಟಿದ್ದರೆ ಅದನ್ನು ಸುತ್ತುವ ಚುಕ್ಕಿ ಹೊಳೆಯ ದಂಡೆಯ ಹತ್ತಿರ ಇರುತ್ತದೆ ಎಂದರು. ನಡುವೆ ಏನಿರುತ್ತದೆ ಎಂದೆ. "ಏನೂ ಇಲ್ರಿ. ನೀವು, ನಾ, ಈ ಓಣಿ, ಎಲ್ಲಾ ಅದರಾಗಿಂದs ಆಗೇವಿ," ಎಂದರು. ಬಯಲು ಎಂಬ ಮಾತನ್ನು ನಮ್ಮ ಅಯ್ಯನವರ ಬಾಯಲ್ಲಿ ಹುಟ್ಟಿದಾಗಿನಿಂದ ಕೇಳಿದವಳು ನಾನು. ಆದರೆ ಅದು ನನ್ನ ಕೈ ಬಳೆಯೊಳಗೇ ಇದೆ ಎಂದು ಯಾರೂ ಹೇಳಿರಲಿಲ್ಲ.

ಶಾಲೆಗಾಗಿ ಪರಮಾಣುವಿನ ಒಂದು ಮಾದರಿ ಮಾಡಿಸಲು ನಮ್ಮೂರಿನ ಕಟ್ಟಿಗೆ ಗೊಂಬೆ ಮಾಡುವವರ ಹತ್ತಿರ ಹೋಗಿದ್ದರಂತೆ. ಸಣ್ಣ ದುಂಡನೆಯ ಗುಂಡು ಬೇಕು, ಬಿಳಿ ಬಣ್ಣ ಹಚ್ಚಿ ಕೊಡಿ ಎಂದರೆ, ಹಣ್ಣುಹಂಪಲ ಮಾಡಿ ಮಾಡಿ ರೂಢಿಯಾದ ಆ ಕೈ ಪ್ರತಿ ಗುಂಡಿಗೂ ಒಂದು ತೊಟ್ಟು, ಒಂದು ಹಸಿರೆಲೆ ಬರೆದುಕೊಟ್ಟಿತು. "ತೊಟ್ಟಿಲ್ಲದ್ದು ಎಲ್ಲಿಂದ ಬರತೈತ್ರಿ ಮಾಸ್ತರ?" ಎಂದು ಅವರೇ ಇವರನ್ನು ಕೇಳಿದರಂತೆ. ಇವರು ಅವನ್ನು ಹಾಗೇ ತಂದರು. ಗೋಕಾಕದ ಹುಡುಗರು ಎಲೆ ಚಿಗುರಿದ ಎಲೆಕ್ಟ್ರಾನು ನೋಡಿಯೇ ಮ್ಯಾಟ್ರಿಕ್ ಪಾಸಾದರು.

ಇನ್ನು ರಂಗೋಲಿಯ ಮಾತು. ಅವರ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಅಷ್ಟು ದಿನ ಆ ಬಾಗಿಲಿಗೆ ದಿನಾ ಬೆಳಿಗ್ಗೆ ರಂಗೋಲಿ ಬೀಳುತ್ತಿತ್ತು. ಈಗ ಅಂಗಳ ಬೋಳು. ಮುದುಕಿ ಹೊಸ್ತಿಲಲ್ಲಿ ಕೂತು ಗೊಣಗುತ್ತಿದ್ದಳು, "ಬಾಗಲ ಮುಂದ ರಂಗೋಲಿ ಇಲ್ಲಂದ್ರ ಒಳಗ ಮಂದಿ ಇಲ್ಲ ಅಂದಂಗಾತು. ನನ್ನ ಕೈ ನಡಗತಾವೋ ತಮ್ಮಾ." ಒಂದು ಸೋಮವಾರ ಬೆಳಗಾಗುವುದರೊಳಗೆ ಮಾಸ್ತರು ತಾವೇ ಸಗಣಿ ನೀರು ಚಿಮುಕಿಸಿ ಕೂತರು. ನವಿಲು, ಕಮಲ, ತೊಟ್ಟಿಲು ಅವರಿಗೆಲ್ಲಿ ಬರಬೇಕು? ಚುಕ್ಕಿಯಿಟ್ಟು ಬರೆಯಲು ಬರುತ್ತಿದ್ದದ್ದು ಒಂದೇ ಚಿತ್ರ. ನಡುವೆ ಕುಂಕುಮದ ಒಂದು ಬೊಟ್ಟು, ಸುತ್ತಲೂ ಬಿಳಿಯ ಬಳೆ, ಬಳೆಯ ಮೇಲೆ ಒಂದು ಚುಕ್ಕಿ. ಕುಂಕುಮ ಹೆಂಡತಿಯ ಬಟ್ಟಲಿನದು. ಇದನ್ನು ಗುರುತು ಹಿಡಿದದ್ದು ಬಾಜೂ ಮನೆಯ ನೀಲವ್ವ. ನೀಲವ್ವನ ಕಣ್ಣಿಗೆ ಬಿದ್ದದ್ದು ಹೊತ್ತು ಏರುವುದರೊಳಗೆ ಇಡೀ ಓಣಿಗೆ ಗೊತ್ತಾಗುತ್ತಿತ್ತು.

"ಇದು ಜಲಜನಕ ರಿ," ಎಂದರು ಮಾಸ್ತರು, ಯಾರೂ ಕೇಳದಿದ್ದರೂ.

ವಾರವಿಡೀ ಅದೇ ಚಿತ್ರ. ಮುಂದಿನ ಸೋಮವಾರ ಚುಕ್ಕಿ ಎರಡಾಯಿತು. ಅದರ ಮುಂದಿನ ಸೋಮವಾರ ಹೊರಗೆ ಇನ್ನೊಂದು ಬಳೆ ಬಂತು, ಅದರ ಮೇಲೆ ಒಂಟಿ ಚುಕ್ಕಿ. ಹೀಗೆ ಸೋಮವಾರಕ್ಕೊಂದು ಚುಕ್ಕಿ ಕೂಡಿಕೊಳ್ಳುತ್ತಾ ಹೋಯಿತು. ನಾವು ಚೇಷ್ಟೆ ಮಾಡಿದರೆ ಬೇಸರಿಸದೆ ತಿಳಿಸಿ ಹೇಳುತ್ತಿದ್ದರು. ಮೊದಲ ಬಳೆ ಇಬ್ಬರ ಪಂಗತಿ. ಹೊರಗಿನದು ಎಂಟು ಮಂದಿಯ ಪಂಗತಿ. ಒಬ್ಬರು ಕಡಿಮೆಯಾದರೂ ಹಾಕಿದ ಎಲೆ ಖಾಲಿ ಉಳಿಯುತ್ತದೆ, ಆ ಪರಮಾಣುವಿಗೆ ಸಮಾಧಾನವಿಲ್ಲ, ಯಾರನ್ನಾದರೂ ಎಳೆದು ತಂದು ಕೂಡಿಸಲು ನೋಡುತ್ತದೆ.

"ಎಂಟೂ ತುಂಬಿದ್ರ ರಿ?" ಎಂದಳು ನೀಲವ್ವ.

"ತುಂಬಿದ ಮ್ಯಾಲ ಅದು ಯಾರನ್ನೂ ಕರಿಯಂಗಿಲ್ಲ, ಯಾರು ಕರದ್ರೂ ಹೋಗಂಗಿಲ್ಲ. ಸುಮ್ಮಕ ಇರತೈತಿ."

ಈ ಮಾತನ್ನು ಅವರು ಆಡಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಯಾಕೆಂದರೆ ಎರಡನೆಯ ಬಳೆಗೆ ಎಂಟನೆಯ ಚುಕ್ಕಿ ಬಿದ್ದ ಸೋಮವಾರ ಮಧ್ಯಾಹ್ನ, ಓಣಿಯ ಕೊನೆಮನೆಯ ಗಾಣಿಗರ ಮುದುಕಪ್ಪ ಗಾಣದ ಪಕ್ಕದಲ್ಲಿ ಕೂತಲ್ಲೇ ಸುಮ್ಮನಾದ. ವಯಸ್ಸಾಗಿತ್ತು, ಕೆಮ್ಮಿತ್ತು, ಹೋಗುವ ಕಾಲ ಬಂದಿತ್ತು. ಆದರೆ ಸ್ಮಶಾನದಲ್ಲಿ ಗುದ್ದಿಗೆ ಮಣ್ಣು ಕೊಟ್ಟು ಬಂದ ಮಂದಿ ಮಾಸ್ತರ ಬಾಗಿಲ ಮುಂದೆ ಒಂದು ಗಳಿಗೆ ನಿಂತರು. ಮೂರು ದಾರಿ ಕೂಡುವ ಜಾಗ. ಬಿಳಿಯ ಬಳೆ, ನಡುವೆ ಕೆಂಪು. ಸತ್ತವಳ ಕುಂಕುಮ. ನಮ್ಮ ಕಡೆ ಮಾಟದ ಮಂಡಲ ಹೇಗಿರುತ್ತದೆಂದು ಎಳೆ ಮಕ್ಕಳಿಗೂ ಗೊತ್ತು. ಆಗ ನೀಲವ್ವ ಹಿಂದಿನದನ್ನು ನೆನಪು ಮಾಡಿದಳು: ಮೊದಲ ಬಳೆಗೆ ಎರಡು ಚುಕ್ಕಿ ತುಂಬಿದ ವಾರವೇ ತನ್ನ ಎಮ್ಮೆ ಗೋದಲಿಯಲ್ಲಿ ಸತ್ತು ಬಿದ್ದಿತ್ತಲ್ಲ!

"ನಿನ್ನ ಎಮ್ಮಿ ವರ್ಷಗಟ್ಟಲೆ ಸಾಯಾಕತ್ತಿತ್ತ ಬಿಡs," ಎಂದೆ ನಾನು. ಎಲ್ಲರೂ ನಕ್ಕರು. ಆದರೆ ಮಾರನೆಯ ದಿನದಿಂದ ನೀರಿಗೆ ಹೋಗುವವರು ಆ ಬಾಗಿಲನ್ನು ಬಳಸಿ, ಗೋಡೆಯ ಬದಿಗೆ ಮೈ ಒತ್ತಿಕೊಂಡು ಹೋಗತೊಡಗಿದರು. ನಾನೂ ಹಾಗೇ ಹೋದೆ, ಕಾಲಿಗೆ ರಂಗೋಲಿ ಹತ್ತೀತು ಎಂಬ ನೆಪ ಹೇಳಿಕೊಂಡು.

ಕುರಿಗಳ ಸಂಗತಿ ನಡೆದದ್ದು ಇದಾದ ಮೇಲೆ. ಮೂಡಲಗಿ ಕಡೆಯಿಂದ ಕುರುಬರ ಮುತ್ತಪ್ಪ ವರ್ಷಕ್ಕೊಮ್ಮೆ ಹಿಂಡು ಹೊಡೆದುಕೊಂಡು ನಮ್ಮ ಓಣಿಯಿಂದಲೇ ಹೊಳೆಗೆ ಹೋಗುತ್ತಿದ್ದ. ಕುರಿ ರಂಗೋಲಿ ನೋಡಿ ನಡೆಯುತ್ತದೆಯೇ? ಪ್ರತಿವರ್ಷ ಓಣಿಯ ಅಷ್ಟೂ ರಂಗೋಲಿ ತುಳಿದು ಅಳಿಸಿ ನಮ್ಮ ಬೈಗುಳ ತಿಂದು ಹೋಗುವ ಕುರಿಗಳು ಅವು. ಆ ವರ್ಷ ನಮ್ಮ ಬಾಗಿಲಿನದನ್ನು ತುಳಿದವು, ನೀಲವ್ವನದನ್ನೂ ತುಳಿದವು. ಮಾಸ್ತರ ಬಾಗಿಲಿಗೆ ಬಂದಾಗ ಮುಂದಿನ ಟಗರು ನಿಂತಿತು. ಆಮೇಲೆ ಹಿಂಡು ಎರಡು ಸೀಳಾಗಿ, ಆ ಬಳೆಗಳ ಎರಡೂ ಬದಿಗೆ ಸರಿದು, ಆಚೆ ಹೋಗಿ ಮತ್ತೆ ಒಂದಾಯಿತು. ಒಂದು ಚುಕ್ಕಿಯೂ ಅಳಿಸಲಿಲ್ಲ. ನಾನು ಹೊಸ್ತಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತು ಕಣ್ಣಾರೆ ಕಂಡೆ.

"ಯಾಕೋ ಮುತ್ತಪ್ಪಾ, ಅಲ್ಲೇನೈತಿ?" ಎಂದೆ.

ಅವನು ಬಗ್ಗಿ ನೋಡಿ ಬಡಿಗೆಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಏನೂ ಇಲ್ರಿ ಯವ್ವಾ. ಹಾಳ ಬಾವಿ ಬಾಯಿ ಬಂದ್ರ ಹಿಂಗ ಮಾಡತಾವ ನೋಡ್ರಿ ಇವು. ಖಾಲಿಗೆ ಅಂಜತಾವ," ಎಂದು ಹೇಳಿ ಹೋದ.

ಮಾಸ್ತರು ಬಾಗಿಲಲ್ಲೇ ನಿಂತಿದ್ದರು. ಅವರ ಮುಖದಲ್ಲಿ ಹೆದರಿಕೆಯಿರಲಿಲ್ಲ. ಯಾರೋ ತಮ್ಮ ಪಾಠವನ್ನು ಮೊದಲ ಸಲ ತಿಳಿದುಕೊಂಡರು ಎಂಬಂಥ ಸಂತೋಷವಿತ್ತು, ಅದನ್ನು ಕಂಡು ನಾನು ಕೂಸನ್ನು ಎದೆಗೆ ಒತ್ತಿಕೊಂಡೆ.

ಅಷ್ಟರಲ್ಲಿ ಮೂರನೆಯ ಬಳೆ ಸುರುವಾಗಿ ಅದರ ಮೇಲೂ ಚುಕ್ಕಿ ಏರುತ್ತಿದ್ದವು. ನನ್ನ ಮಗಳಿಗೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಅವಳಿಗೆ ಜ್ವರ ಬಂತು. ವೈದ್ಯರು ನಾಡಿ ನೋಡಿ ಇದು ಮುದ್ದತಿನ ಜ್ವರ, ತನ್ನ ಅವಧಿ ಮುಗಿಸಿಯೇ ಬಿಡುತ್ತದೆ, ಬರುವ ವಾರ ದಾಟಿದರೆ ಕೂಸು ನಿಮ್ಮದು ಎಂದು ಹೇಳಿ ಹೋದರು. ದಾಟದಿದ್ದರೆ ಎಂದು ನಾನೂ ಕೇಳಲಿಲ್ಲ. ಮಗುವಿನ ಕಣ್ಣು ತೆರೆದಿರುತ್ತಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

ಆ ಭಾನುವಾರ ಸಂಜೆ ಹೊರಗೆ ಬಂದು ನಿಂತೆ. ಎದುರಿನ ರಂಗೋಲಿಯಲ್ಲಿ ಹೊರಗಿನ ಬಳೆಯ ಮೇಲೆ ಏಳು ಚುಕ್ಕಿ. ಎಂಟನೆಯದರ ಖಾಲಿ ಜಾಗ ನೇರವಾಗಿ ನಮ್ಮ ಬಾಗಿಲಿಗೆ ಮುಖ ಮಾಡಿತ್ತು. ಯಾವ ದಿಕ್ಕಿಗಾದರೂ ಬಿಡಬಹುದಾದ ಜಾಗ. ಮರುದಿನ ಸೋಮವಾರ.

ಇಂಥದನ್ನೆಲ್ಲ ನಂಬುವವಳಲ್ಲ ನಾನು. ಆದರೆ ಒಳಗೆ ಕೂಸು ಮಲಗಿತ್ತು. ಓಣಿ ದಾಟಿ ಅವರ ಬಾಗಿಲಿಗೆ ಹೋದೆ. ಮುದುಕಿ ಒಳಗೆ ಮಲಗಿದ್ದಳು. ಮಾಸ್ತರು ಪಡಸಾಲೆಯಲ್ಲಿ ದೀಪ ಹಚ್ಚುತ್ತಿದ್ದರು.

"ಮಾಸ್ತರ, ನಾಳೆ ಆ ಚುಕ್ಕಿ ಇಡಬ್ಯಾಡ್ರಿ."

"ಅಕ್ಕಾರ, ನೀವೂ?"

"ನಾನೂ."

"ಅದು ಬರೇ ಪುಡಿ ಐತ್ರಿ. ಪುಡಿಗೆ ನಿಮ್ಮ ಕೂಸಿನ ಜ್ವರ ಹ್ಯಾಂಗ ಗೊತ್ತಾಗಬೇಕು?"

"ಬರೇ ಪುಡಿ ಆದ್ರ ಬಿಡಾಕ ನಿಮಗೇನ್ ಕಷ್ಟ?"

ಅವರು ದೀಪದ ಕುಡಿ ಸರಿಮಾಡಿದರು. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಒಂದು ಮೊರವನ್ನು ತೋರಿಸಿದರು.

"ಅಕಿ ಅಕ್ಷರ ಕಲತಾಕಿ ಅಲ್ರಿ. ಖರೆ ಸಂಜಿಕ ಜ್ವಾಳ ಹಸನ ಮಾಡುವಾಗ, ಇವತ್ತ ಸಾಲ್ಯಾಗ ಏನ್ ಕಲಿಸಿದ್ರಿ ಅಂತ ಕೇಳತಿದ್ಲು. ಆ ಮೊರದಾಗs ಜ್ವಾಳದ ಕಾಳ ಇಟ್ಟು ಕಲಿಸಿದೆ. ದಿನಾ ಒಂದು. ಮೂರನೇ ಬಳಿಗೆ ಏಳು ಕಾಳ ಇಟ್ಟ ದಿನ ಹೆರಿಗಿ ಬ್ಯಾನಿ ಸುರು ಆತು. 'ಎಂಟನೇದು ನಾಳೆ ಹೇಳ್ರಿ' ಅಂದ್ಲು." ಅವರ ಕೈ ನೆಲವನ್ನು ಎರಡು ಸಲ ತಟ್ಟಿತು. "ಆ ಪಾಠ ಒಂದು ಮುಗಸಬೇಕಂತ ಇಲ್ಲೀತನಾ ಹಾಕ್ಕೋತ ಬಂದೇನ್ರಿ. ನಾಳೆ ಮುಗೀತಿತ್ತು."

ಹೋಗಲಿ ಬಿಡ್ರಿ, ಇಟ್ಟುಬಿಡ್ರಿ ಎನ್ನಬೇಕಿತ್ತು. ತಾಯಿ ಹಾಗೆಲ್ಲ ಅನ್ನಲಾರಳು. ನಾನು ಅನ್ನಲಿಲ್ಲ, ಬಾಗಿಲು ಬಿಟ್ಟು ಕದಲಲೂ ಇಲ್ಲ, ನಿಂತಲ್ಲೇ ಅಳುತ್ತಾ ನಿಂತೆ.

"ಆತ್ರಿ," ಎಂದರು ಕೊನೆಗೆ. "ಏಳಕ್ಕs ನಿಲ್ಲಸತೇನಿ. ಖಾಲಿ ಜಾಗಾನೂ ನನ್ನ ಬಾಗಲ ಕಡೆ ತಿರುಗಸತೇನಿ. ಹೋಗ್ರಿ, ಕೂಸಿನ ಕಡೆ ನೋಡ್ರಿ."

ಮನೆಗೆ ಬಂದು ಹೊಸ್ತಿಲು ದಾಟುವಾಗ ನನಗೆ ಹೊಳೆಯಿತು: ಖಾಲಿ ಜಾಗ ನಮ್ಮ ಕಡೆಗಿದೆ ಎಂದು ನಾನು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ. ಅವರೂ ಅದನ್ನು ನೋಡುತ್ತಿದ್ದರು. ಹೆದರಿಕೆ ನನ್ನೊಬ್ಬಳದೇ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಏಳೇ ಚುಕ್ಕಿ ಇದ್ದವು. ಖಾಲಿ ಜಾಗ ಅವರ ಹೊಸ್ತಿಲಿಗೆ ಮುಖ ಮಾಡಿತ್ತು. ಆ ವಾರದಲ್ಲಿ ನನ್ನ ಮಗಳ ಮೈ ಬೆವರಿತು, ಜ್ವರ ಇಳಿಯಿತು, ಅವಳು ಅಂಬಲಿ ಬೇಡಿದಳು. ವೈದ್ಯರ ಕಷಾಯ ಎಂದರು ನಮ್ಮ ಯಜಮಾನರು. ಇರಬಹುದು. ಅದೇ ವರ್ಷ ಕಳೆಯುವುದರೊಳಗೆ ಮಾಸ್ತರ ತಾಯಿ ತೀರಿಕೊಂಡಳು. ಮುಪ್ಪು ಎಂದರು ಮಾಸ್ತರು. ಅದೂ ಇರಬಹುದು. ನೀಲವ್ವ ಮಾತ್ರ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

ಅಲ್ಲಿಂದ ಮುಂದೆ ಎಷ್ಟೋ ವರ್ಷ ಆ ಬಾಗಿಲಿಗೆ ಅದೇ ಚಿತ್ರ. ಏಳರ ಮೇಲೆ ಚುಕ್ಕಿ ಏರಲಿಲ್ಲ, ಖಾಲಿ ಜಾಗ ದಿಕ್ಕು ಬದಲಿಸಲಿಲ್ಲ. ರಂಗೋಲಿ ಕೇಳುವವರು ಯಾರೂ ಆ ಮನೆಯಲ್ಲಿ ಉಳಿದಿರಲಿಲ್ಲ, ಆದರೂ ಅವರು ಬಿಡಲಿಲ್ಲ. ಓಣಿಯ ಹೆದರಿಕೆ ನಿಧಾನವಾಗಿ ರೂಢಿಯಾಯಿತು, ರೂಢಿ ಚೇಷ್ಟೆಯಾಯಿತು, ಅವರಿಗೆ ಚುಕ್ಕಿ ಮಾಸ್ತರ ಎಂಬ ಹೆಸರೇ ನಿಂತಿತು. ನನ್ನ ಮಗಳು ಆ ಬಳೆಗಳ ಸುತ್ತ ಕುಂಟಾಟ ಆಡಿಕೊಂಡೇ ಬೆಳೆದಳು. ಒಮ್ಮೆ ಅವಳು, "ಇಲ್ಲಿ ಒಂದು ಮರತೀರಿ ಮಾಸ್ತರ," ಎಂದು ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಅವರು ಆ ಬೆರಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, "ಅಲ್ಲಿ ನೀ ಅದೀಯಲ್ಲs ತಂಗಿ," ಎಂದರು. ಮಗಳು ನಕ್ಕಳು. ನಾನು ಅವಳನ್ನು ಒಳಗೆ ಕರೆದುಕೊಂಡು ಬಂದೆ.

ಮಹಾಯುದ್ಧ ಮುಗಿಯುವ ಹೊತ್ತಿನಲ್ಲಿ ಪೇಪರಿನಲ್ಲಿ ಆ ಸುದ್ದಿ ಬಂತು. ಜಪಾನಿನ ಒಂದು ಊರು ಒಂದೇ ಬಾಂಬಿಗೆ ಬೂದಿಯಾಗಿತ್ತು. ಆ ಬಾಂಬು ಪರಮಾಣುವಿನ ನಡುವಿನ ಗಟ್ಟಿಯನ್ನು ಒಡೆದು ಮಾಡಿದ್ದಂತೆ. ನಾನೇ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳಿದೆ. ಎಲ್ಲರ ಕಣ್ಣೂ ಎದುರಿನ ರಂಗೋಲಿಯ ನಡುವಿನ ಕುಂಕುಮದ ಬೊಟ್ಟಿನ ಮೇಲೆ ಹೋದವು. "ನಾ ಅವತ್ತs ಹೇಳಿದ್ದಿಲ್ಲೇನು?" ಎಂದಳು ನೀಲವ್ವ, ಆದರೆ ಗೆದ್ದವಳ ದನಿಯಲ್ಲಿ ಅಲ್ಲ. ಅವಳೂ ಅಳುತ್ತಿದ್ದಳು.

ಮರುದಿನ ಬೆಳಿಗ್ಗೆ ಅಂಗಳ ಬೋಳಾಗಿತ್ತು. ಮಾಸ್ತರು ಕರಟ ಹಿಡಿದು ಕೂತಿದ್ದರು, ಬೆರಳ ಸಂದಿಯಿಂದ ಪುಡಿ ತಾನಾಗಿ ಸೋರುತ್ತಿತ್ತು.

"ಹಾಕ್ರಿ ಮಾಸ್ತರ," ಎಂದೆ. ಅವರನ್ನು ಹಾಗೆ ನೋಡಲಾಗಲಿಲ್ಲ.

"ಖಾಲಿ ಐತಿ, ಖಾಲಿ ಐತಿ ಅಂತ ಹುಡುಗರಿಗೆ ಕಲಿಸಿದ್ನಲ್ರಿ ಅಕ್ಕಾರ," ಎಂದರು. "ಆ ಸಾಸಿವಿ ಕಾಳಿನಾಗ ಇದು ಕುಂತಿತ್ತು ನೋಡ್ರಿ. ನಿಮ್ಮ ಓಣಿ ಮಂದಿಗೆ ತಿಳೀತು. ನನಗ ತಿಳೀಲಿಲ್ಲ."

"ನಮಗೇನ್ ತಿಳೀತೈತ್ರಿ? ನಾವು ಎಮ್ಮಿ ಸತ್ರೂ ಅಂಜಾವ್ರು."

ಅವರು ಮೊದಲ ಸಲ ನಕ್ಕರು. ಮಾರನೆಯ ದಿನದಿಂದ ಮತ್ತೆ ಏಳು ಚುಕ್ಕಿ ಬಿದ್ದವು, ಆದರೆ ನಡುವೆ ಕುಂಕುಮ ಇಡುವುದನ್ನು ಬಿಟ್ಟರು. ಕೂಡ್ರುವ ಮುಂಚೆ ತಟ್ಟಿ ನೋಡುವುದನ್ನೂ ಬಿಟ್ಟರು. ಎಲ್ಲಿ ಬೇಕಲ್ಲಿ ದೊಪ್ಪನೆ ಕೂತುಬಿಡುತ್ತಿದ್ದರು.

ಚಳಿಗಾಲದ ಒಂದು ಸೋಮವಾರ ಮಾಸ್ತರು ಶಾಲೆಗೆ ಬರಲಿಲ್ಲವೆಂದು ಕೇಳಿಕೊಂಡು ಜವಾನ ಬಂದ. ಬಾಗಿಲ ಮುಂದೆ ರಂಗೋಲಿ ಬಿದ್ದಿತ್ತು, ಅಂದರೆ ಬೆಳಿಗ್ಗೆ ಎದ್ದಿದ್ದರು. ಒಳಗೆ ಹೋದರೆ ಗೋಡೆಗೆ ಒರಗಿ, ಟೊಪ್ಪಿಗೆ ಹಾಕಿಕೊಂಡು, ಹೊರಡಲು ತಯಾರಾದವರಂತೆ ಕೂತಿದ್ದರು. ಪಕ್ಕದಲ್ಲಿ ಆ ಮೊರ. ಕಣಗಲಾದಿಂದ ಅಣ್ಣತಮ್ಮಂದಿರು ಬಂದರು. ನಮ್ಮ ಪದ್ಧತಿಯಂತೆ ಹಣೆಗೆ ವಿಭೂತಿ ಹಚ್ಚಿ, ಕೂತ ಹಾಗೆಯೇ ಅಲಂಕರಿಸಿ, ಭಜನೆಯೊಂದಿಗೆ ಕರೆದುಕೊಂಡು ಹೋದರು. ಬಯಲಾದರು, ಬಯಲಾದರು ಎಂದು ಹಿರಿಯರು ಅನ್ನುತ್ತಿದ್ದರು.

ಹೆಣದ ಹಿಂದೆ ಓಣಿಗೆ ಓಣಿಯೇ ಹೋಯಿತು. ನಾನೊಬ್ಬಳೇ ಉಳಿದೆ. ಅಷ್ಟು ಮಂದಿ ತಿರುಗಾಡಿದ್ದರೂ ಆ ಬಳೆಗಳನ್ನು ಯಾರೂ ತುಳಿದಿರಲಿಲ್ಲ. ಏಳು ಚುಕ್ಕಿ. ಅವರ ಹೊಸ್ತಿಲ ಕಡೆಗೆ ತೆರೆದ ಆ ಖಾಲಿ ಜಾಗ. ಎಷ್ಟು ವರ್ಷ, ದಿನಾ ಬೆಳಿಗ್ಗೆ, ನನ್ನ ಮಗಳ ಸಲುವಾಗಿ ಮುಗಿಸದೆ ಬಿಟ್ಟ ಪಾಠ. ತುಂಬಿದ್ದಕ್ಕೆ ಸಮಾಧಾನ ಎಂದವರು ತಾವು ಸಮಾಧಾನವಿಲ್ಲದೆಯೇ ಹೋದರು.

ಕಟ್ಟೆಯ ಮೇಲೆ ಅವರ ಕರಟ ಇತ್ತು. ಕುಕ್ಕರುಗಾಲಲ್ಲಿ ಕೂತೆ. ಚಿಟಿಕೆ ಪುಡಿ ತೆಗೆದುಕೊಂಡೆ. ಮಗಳನ್ನು ಎದುರಿನ ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬಂದಿದ್ದೆ. "ಎಂಟನೇದು ಇಲ್ಲೈತಿ ನೋಡ್ರಿ ಮಾಸ್ತರ, ಅಕಿಗೆ ಹೇಳ್ರಿ," ಎಂದು ಬಾಯಿಬಿಟ್ಟು ಹೇಳಿ ಚುಕ್ಕಿ ಇಟ್ಟೆ.

ಇಟ್ಟವಳೇ ಎದ್ದು ಓಡಿದೆ. ಓಣಿ ಅಷ್ಟು ಅಗಲವಿದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಮಗಳು ಒಳಗಿನ ಮನೆಯಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಹಣೆಯ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಯಾರೂ ಯಾರನ್ನೂ ಮುಟ್ಟುವುದಿಲ್ಲ, ನಡುವೆ ಖಾಲಿ ಇದ್ದೇ ಇರುತ್ತದೆ ಎಂದು ಅವರು ಹೇಳಿದ್ದು ನೆನಪಾಗಿ, ಕೈಯನ್ನು ಇನ್ನಷ್ಟು ಒತ್ತಿ ಹಿಡಿದೆ.

ಬಹಳ ಹೊತ್ತಾದ ಮೇಲೆ ಅವಳು ಕಣ್ಣು ತೆರೆದಳು.

"ಯವ್ವಾ," ಎಂದಳು, "ಭಾರ ಆಗತೈತಿ. ಕೈ ತಗಿ."

ನಾನು ತೆಗೆಯಲಿಲ್ಲ.